ಮೆಂಬ್ರೇನ್ ಕಟ್ಟಿಕೊಳ್ತಿದೆಯಾ? ಫೈಬರನ್ನು ಸುರುಳಿ ಸುತ್ತಿ ನೋಡಿ

ಮೆಂಬ್ರೇನ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಸೋಸುವ ಪೊರೆ. ಅದರ ಫಿಲ್ಟರ್ ನಡೆಸುವವರಿಗೆಲ್ಲ ಈ ಕಿರಿಕಿರಿ ಗೊತ್ತು. ಬರೀ ನೀರು ಬಿಟ್ಟರೆ ಧಾರಾಳವಾಗಿ ಸೋಸುತ್ತದೆ. ಯೀಸ್ಟ್ ಕಲಸಿದ ನೀರನ್ನೋ ಹಾಲನ್ನೋ ಬಿಟ್ಟ ಕೂಡಲೇ ಧಾರೆ ಸಣ್ಣದಾಗುತ್ತದೆ. ಒತ್ತಡ ಏರಿಸಿದರೆ ಸ್ವಲ್ಪ ಹೊತ್ತು ಜಾಸ್ತಿ ಬರುತ್ತದೆ, ಆಮೇಲೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ತಡೆ ಇರುವುದು ಮೆಂಬ್ರೇನ್‌ನಲ್ಲಿ ಅಲ್ಲ, ಅದರ ಮೇಲೆ ಕೂತ ಪದರದಲ್ಲಿ. ಒತ್ತಡ ಹೆಚ್ಚಿಸಿದಷ್ಟೂ ಆ ಪದರ ದಪ್ಪವಾಗುತ್ತದೆ, ಇಲ್ಲವೇ ಗಟ್ಟಿಯಾಗುತ್ತದೆ.

ಹಾಗಾದರೆ ಪದರವನ್ನು ಕದಡಬೇಕು, ಅಲ್ವಾ? ಪಂಪಿನ ವೇಗ ಹೆಚ್ಚಿಸುವುದು ಒಂದು ದಾರಿ. ಮೆಂಬ್ರೇನ್‌ನಿಂದಲೇ ಮಾಡಿದ ಸಪೂರ ನಳಿಗೆಯನ್ನೇ (ಇದನ್ನೇ ಫೈಬರ್ ಎನ್ನುವುದು) ಬಾಗಿಸಿ, ಹರಿವು ತಾನಾಗಿಯೇ ಸುಳಿ ಎಬ್ಬಿಸುವಂತೆ ಮಾಡುವುದು ಇನ್ನೊಂದು. ನಾನು ಕೆಮಿಕಲ್ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವಳು. ಪ್ರಾಜೆಕ್ಟ್‌ಗೆ ಬರುವ ಹುಡುಗ ಹುಡುಗಿಯರಿಗೆ ಈ ಎರಡನೇ ದಾರಿಯನ್ನು ಕೈಯಾರೆ ಮಾಡಿ ತೋರಿಸುತ್ತೇನೆ. ಇದಕ್ಕೆ ದೊಡ್ಡ ಸಾಮಾನು ಬೇಡ. ಆದರೆ ಅಳೆಯುವಾಗ ನ್ಯಾಯವಾಗಿ ಅಳೆಯಬೇಕು. ನನಗೆ ಅದೇ ಮುಖ್ಯ, ಅದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ.

ಸುಳಿ ಏಳುವುದು ಯಾಕೆ

ನೇರ ನಳಿಗೆಯಲ್ಲಿ ನೀರು ನಿಧಾನವಾಗಿ ಹರಿಯುವಾಗ ನಡುವಿನ ನೀರು ಜೋರಾಗಿ, ಗೋಡೆ ಪಕ್ಕದ ನೀರು ಮೆಲ್ಲಗೆ ಸಾಗುತ್ತವೆ. ಒಂದರೊಳಗೆ ಒಂದು ಬೆರೆಯುವುದಿಲ್ಲ. ನಳಿಗೆ ಬಾಗಿದರೆ ನಡುವಿನ ಜೋರಿನ ನೀರು ಹೊರಬದಿಗೆ ತಳ್ಳಿಕೊಂಡು ಹೋಗುತ್ತದೆ. ಅದು ಖಾಲಿ ಮಾಡಿದ ಜಾಗ ತುಂಬಲು ಗೋಡೆ ಪಕ್ಕದ ನಿಧಾನದ ನೀರು ಮೇಲಿಂದಲೂ ಕೆಳಗಿಂದಲೂ ಗೋಡೆಗುಂಟ ಒಳಬದಿಗೆ ಸರಿಯುತ್ತದೆ. ಹೀಗೆ ಎದುರುಬದುರು ತಿರುಗುವ ಎರಡು ಸುಳಿಗಳು ಹುಟ್ಟುತ್ತವೆ. ನೀರು ಮುಂದಕ್ಕೆ ಹೋಗುತ್ತಲೇ ಅಡ್ಡಕ್ಕೂ ಸುತ್ತುತ್ತಿರುತ್ತದೆ. ಈ ಅಡ್ಡ ಹರಿವು ಗೋಡೆಯ ಪದರವನ್ನು ಕೆರೆದು ನಡುವಿಗೆ ಒಯ್ಯುತ್ತದೆ.

ಹೊಳೆಯ ತಿರುವು ನೋಡಿದವರಿಗೆ ಇದು ಹೊಸದಲ್ಲ. ಹೊರದಂಡೆ ಕೊರೆದುಹೋಗುತ್ತದೆ, ಒಳದಂಡೆಯಲ್ಲಿ ಮರಳು ಬೀಳುತ್ತದೆ. 1926ರಲ್ಲಿ ಐನ್‌ಸ್ಟೈನ್ ಹೊಳೆಗಳು ಯಾಕೆ ಡೊಂಕಾಗುತ್ತವೆ ಎಂದು ಬರೆದದ್ದೂ ಈ ಅಡ್ಡ ಹರಿವಿನ ಮೇಲೆಯೇ. ಈ ಚಿತ್ರ ನೆನಪಿರಲಿ. ನಿಮ್ಮ ಸುರುಳಿಯಲ್ಲೂ ಹೊರಬದಿ ಚೆನ್ನಾಗಿ ತೊಳೆಯುತ್ತದೆ, ಒಳಬದಿಯಲ್ಲಿ ಪದರ ಉಳಿದುಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಫೈಬರನ್ನು ಉದ್ದಕ್ಕೆ ಸೀಳಿ ನೋಡಿ.

1910 ಮತ್ತು 1911ರಲ್ಲಿ ಜಾನ್ ಯೂಸ್ಟಿಸ್ ಬಾಗಿದ ಗಾಜಿನ ನಳಿಗೆಯಲ್ಲಿ ಬಣ್ಣ ಬಿಟ್ಟು ಈ ಸುತ್ತಾಟವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದರು. 1927–28ರಲ್ಲಿ ಡಬ್ಲ್ಯು. ಆರ್. ಡೀನ್ ಅದಕ್ಕೆ ಗಣಿತ ಕೊಟ್ಟರು. ಅದಕ್ಕೇ ಇವುಗಳಿಗೆ ಡೀನ್ ಸುಳಿ ಎಂದು ಹೆಸರು. ಮೆಂಬ್ರೇನ್ ಕೆಲಸಕ್ಕೆ ಇದನ್ನು ಪಟ್ಟು ಹಿಡಿದು ತಂದವರಲ್ಲಿ ಅಮೆರಿಕದ ರೆನ್ಸಿಲೇರ್ ಪಾಲಿಟೆಕ್ನಿಕ್‌ನ ಜಾರ್ಜಸ್ ಬೆಲ್ಫೋರ್ಟ್ ತಂಡ ಮತ್ತು ಫ್ರಾನ್ಸಿನ ತುಲೂಸ್‌ನ ತಂಡ ಮುಖ್ಯ. ಇಬ್ಬರದೂ 1990ರ ದಶಕದ ಕೆಲಸ.

ಸುತ್ತುವ ಮೊದಲು ಲೆಕ್ಕ

ಸುಳಿ ಎಷ್ಟು ಜೋರು ಎಂದು ಹೇಳುವುದು ಡೀನ್ ಸಂಖ್ಯೆ. ರೆನಾಲ್ಡ್ಸ್ ಸಂಖ್ಯೆಯನ್ನು (ವೇಗ × ಒಳವ್ಯಾಸ × ದ್ರವದ ಸಾಂದ್ರತೆ ÷ ಅದರ ಮಂದತೆ) √(ನಳಿಗೆಯ ಒಳವ್ಯಾಸ ÷ ಸುರುಳಿಯ ವ್ಯಾಸ) ಇದರಿಂದ ಗುಣಿಸಿ. ಸುರುಳಿಯ ವ್ಯಾಸ ಎಂದರೆ ಫೈಬರಿನ ನಡುಗೆರೆಯಿಂದ ಎದುರಿನ ನಡುಗೆರೆಗೆ ಇರುವ ಅಂತರ. ಕೆಲವರು ವ್ಯಾಸದ ಬದಲು ತ್ರಿಜ್ಯ ಹಾಕುತ್ತಾರೆ. ಬೇರೆಯವರ ಅಂಕಿಯ ಜೊತೆ ಹೋಲಿಸುವ ಮುನ್ನ ಅವರು ಯಾವುದನ್ನು ಬಳಸಿದ್ದಾರೆ ಎಂದು ನೋಡಿಕೊಳ್ಳಿ.

ನಾನು ಹುಡುಗರಿಗೆ ಕೊಡುವ ಅಳತೆ ಇದು: ಒಳವ್ಯಾಸ 1 ಮಿ.ಮೀ., ಹೊರವ್ಯಾಸ 1.6 ಮಿ.ಮೀ. ಇರುವ ಫೈಬರ್, ಸುತ್ತಲು 10 ಮಿ.ಮೀ. ಸರಳು, ಫೈಬರಿನ ಉದ್ದ ಅರ್ಧ ಮೀಟರ್. ಆಗ ಸುರುಳಿಯ ವ್ಯಾಸ 11.6 ಮಿ.ಮೀ. 25 ಡಿಗ್ರಿಯ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ರೆನಾಲ್ಡ್ಸ್ ಸುಮಾರು 1120, ಡೀನ್ ಸುಮಾರು 330. ಇಷ್ಟು ವೇಗಕ್ಕೆ ಒಂದು ಫೈಬರಿಗೆ ನಿಮಿಷಕ್ಕೆ 47 ಮಿ.ಲೀ. ಸಾಕು. ಲ್ಯಾಬಿನ ಸಣ್ಣ ಪಂಪು ಇದನ್ನು ಆರಾಮವಾಗಿ ಕೊಡುತ್ತದೆ.

ದುಂಡು ನಳಿಗೆಯ ಸುರುಳಿಯಲ್ಲಿ ಎಷ್ಟೇ ನಿಧಾನವಾಗಿ ಹರಿದರೂ ಸುಳಿ ಇದ್ದೇ ಇರುತ್ತದೆ, ದುರ್ಬಲವಾಗಿರುತ್ತದೆ ಅಷ್ಟೇ. ಎರಡು ಬಾಗಿದ ಹಾಳೆಗಳ ನಡುವಿನ ಸಪಾಟು ಸಂದಿಯಲ್ಲಿ ಹಾಗಲ್ಲ. ಅಲ್ಲಿ ಒಂದು ಮಿತಿ ದಾಟಿದ ಮೇಲೆಯೇ ಸುಳಿ ಏಳುವುದು. ಸಂದಿಯ ಅಗಲ ಮತ್ತು ಬಾಗಿನ ತ್ರಿಜ್ಯ ಹಾಕಿ ಲೆಕ್ಕ ಮಾಡಿದರೆ ಆ ಮಿತಿ ಸುಮಾರು 36. ಸಂದಿ 1 ಮಿ.ಮೀ., ತ್ರಿಜ್ಯ 50 ಮಿ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 23 ಸೆಂ.ಮೀ. ವೇಗ ದಾಟಬೇಕು. ಅದಕ್ಕಿಂತ ಕಮ್ಮಿ ಬಿಟ್ಟರೆ ಬಾಗಿಸಿದ್ದು ಸುಮ್ನೆ.

ಇಲ್ಲಿ ಒಂದು ಮಾತು. ಮನೆಯ ಆರ್‌ಒ ಯಂತ್ರದೊಳಗಿನ ಮೆಂಬ್ರೇನ್ ಕೂಡ ಸುರುಳಿ ಸುತ್ತಿರುತ್ತದಲ್ಲ, ಅಲ್ಲೂ ಇದೇ ನಡೆಯುತ್ತದಾ ಎಂದು ಹೆಚ್ಚು ಕಡಿಮೆ ಎಲ್ಲ ವಿದ್ಯಾರ್ಥಿಗಳೂ ಕೇಳುತ್ತಾರೆ. ಇಲ್ಲ. ಅಲ್ಲಿ ಒಳಬರುವ ನೀರು ಸುರುಳಿಯ ಉದ್ದಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೋಗುತ್ತದೆ. ಸುರುಳಿಯ ಜೊತೆ ಸುತ್ತಿ ನಡುವಿನ ಕೊಳವೆಗೆ ಬರುವುದು ಸೋಸಿದ ನೀರು. ಅಲ್ಲಿ ಪದರ ಕದಡುವ ಕೆಲಸ ಹಾಳೆಗಳ ನಡುವಿನ ಪ್ಲಾಸ್ಟಿಕ್ ಜಾಲರಿಯದು.

ಯಾವ ಫೈಬರ್, ಹೇಗೆ ಸುತ್ತುವುದು

ದ್ರವ ಒಳಗಿಂದ ಹರಿದು ಹೊರಕ್ಕೆ ಸೋಸುವ ಫೈಬರ್ ಬೇಕು. ಇದನ್ನು ಕೇಳಿಯೇ ತನ್ನಿ. ಕೊಳಚೆ ನೀರಿನ ಘಟಕಗಳಲ್ಲಿ ತೊಟ್ಟಿಯೊಳಗೆ ಮುಳುಗಿಸಿಡುವ ಫೈಬರ್‌ಗಳು ಹೊರಗಿಂದ ಒಳಕ್ಕೆ ಸೋಸುತ್ತವೆ. ಅವುಗಳ ಸೋಸುವ ಚರ್ಮ ಹೊರಗಿರುತ್ತದೆ, ನಮಗೆ ಆಗುವುದಿಲ್ಲ. ಡಯಾಲಿಸಿಸ್ ಫೈಬರ್ ಸುಲಭವಾಗಿ ಸಿಗುತ್ತದೆ, ಆದರೆ ಒಳವ್ಯಾಸ 0.2 ಮಿ.ಮೀ. ಮಾತ್ರ. ಅಷ್ಟು ಸಪೂರದಲ್ಲಿ ಡೀನ್ ಸಂಖ್ಯೆ ಮೇಲೇಳುವುದೇ ಇಲ್ಲ. ಸೆರಾಮಿಕ್ ಅಂತೂ ಬಾಗುವುದಿಲ್ಲ. ಪಾಲಿಸಲ್ಫೋನ್ ಅಥವಾ ಪಾಲಿಈಥರ್‌ಸಲ್ಫೋನ್ ಎಂಬ ಪ್ಲಾಸ್ಟಿಕ್‌ನ 1 ಮಿ.ಮೀ. ಅಲ್ಟ್ರಾಫಿಲ್ಟ್ರೇಶನ್ ಫೈಬರ್, 100 ಕಿಲೋಡಾಲ್ಟನ್‌ದು (ಸುಮಾರು ಅಷ್ಟು ತೂಕಕ್ಕಿಂತ ದೊಡ್ಡ ಅಣುಗಳನ್ನು ತಡೆಯುವಂಥದ್ದು), ಹಿತವಾಗಿ ಬಾಗುತ್ತದೆ. ಒಂದೇ ಕಟ್ಟಿನಿಂದ ಒಂದೇ ಉದ್ದದ ಎರಡು ತೆಗೆದುಕೊಳ್ಳಿ. ಒಂದು ನೇರ ಇರಲಿ, ಇನ್ನೊಂದು ಸುರುಳಿಗೆ.

ಒಣಗಿದ ಫೈಬರನ್ನು ಬಾಗಿಸಬೇಡಿ, ಮುರಿಯುತ್ತದೆ. ಗ್ಲಿಸರಿನ್ ಬೆರೆಸಿದ ನೀರಲ್ಲಿ ಒಂದು ರಾತ್ರಿ ನೆನೆಹಾಕಿ. ಸರಳಿನ ಮೇಲೆ ನೇರವಾಗಿ ಸುತ್ತಿದರೆ ಒಳಬದಿಯಿಂದ ಸೋಸಿದ ನೀರು ಹೊರಬರಲು ದಾರಿ ಇರುವುದಿಲ್ಲ. ಆದ್ದರಿಂದ ಸರಳಿಗೆ ಮೊದಲು ಒಂದು ಸುತ್ತು ತೆಳು ನೈಲಾನ್ ಬಲೆ ಹಾಕಿ. ಅಕ್ರಿಲಿಕ್ ಸರಳು, ಬಲೆ, ಸಣ್ಣ ಫಿಟಿಂಗ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನ ಸುತ್ತಮುತ್ತ ಸಿಗುತ್ತವೆ. ಮೂರು ದಾರಿಯ ಸಣ್ಣ ವಾಲ್ವು ಮೆಡಿಕಲ್ ಶಾಪಲ್ಲೇ ಸಿಗುತ್ತದೆ, ಡ್ರಿಪ್ ಹಾಕುವಾಗ ಬಳಸುವಂಥದ್ದು.

ಸುತ್ತುವಾಗ ಎಳೆಯಬೇಡಿ. ಫೈಬರನ್ನು ಹಿಡಿದುಕೊಂಡು ಸರಳನ್ನು ಮೆಲ್ಲಗೆ ತಿರುಗಿಸಿ. ಸುತ್ತಿನಿಂದ ಸುತ್ತಿಗೆ 2.5 ಮಿ.ಮೀ. ಇರಲಿ. ಅರ್ಧ ಮೀಟರಿಗೆ ಹದಿನಾಲ್ಕು ಸುತ್ತಿಗೆ ಸ್ವಲ್ಪ ಕಮ್ಮಿ ಬರುತ್ತದೆ, ಸುರುಳಿ ಬೆರಳಿನ ಅರ್ಧದಷ್ಟು ಉದ್ದವಾಗುತ್ತದೆ. ಸುತ್ತುಗಳನ್ನು ತುಂಬಾ ದೂರ ದೂರ ಇಟ್ಟರೆ ಬಾಗು ಸಡಿಲವಾಗುತ್ತದೆ. ಇದೇ ಸರಳಿನ ಮೇಲೆ ಸುತ್ತಿಗೆ 30 ಮಿ.ಮೀ. ಬಿಟ್ಟರೆ ಡೀನ್ ಸಂಖ್ಯೆ ಕಾಲುಭಾಗದಷ್ಟು ಇಳಿದುಹೋಗುತ್ತದೆ.

ಫೈಬರಿನ ತುದಿಗಳನ್ನು ಫಿಟಿಂಗಿನೊಳಗೆ ಕೂರಿಸಲು ಅರಾಲ್ಡೈಟ್ (ಕಲಸಿ ಹಾಕುವ ಎಪಾಕ್ಸಿ ಅಂಟು) ಬಳಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವಂಥದ್ದು ಬೇಡ, ನಿಧಾನದ್ದೇ ಇರಲಿ. ಕಲಸಿ ಅರ್ಧ ಗಂಟೆ ಬಿಟ್ಟು, ಮಂದವಾದ ಮೇಲೆ ತುಂಬಿ. ತೆಳುವಾಗಿರುವಾಗಲೇ ಹಾಕಿದರೆ ಫೈಬರಿನ ರಂಧ್ರಗಳೊಳಗೆ ಏರಿ ಸೋಸುವ ಜಾಗವನ್ನು ತಿನ್ನುತ್ತದೆ. ತುಂಬುವ ಕಡೆ ಮಾತ್ರ ಫೈಬರನ್ನು ಒರೆಸಿ ಒಣಗಿಸಿ, ಉಳಿದದ್ದು ಒದ್ದೆಯಾಗಿಯೇ ಇರಲಿ. ಮರುದಿನ ಚೂಪಾದ ಬ್ಲೇಡಿನಿಂದ ತುದಿ ಕತ್ತರಿಸಿ ಬಾಯಿ ತೆರೆದಿದೆಯಾ ಎಂದು ಲೆನ್ಸ್ ಹಿಡಿದು ನೋಡಿ.

ಎಲ್ಲಾದರೂ ಮಡಿಚಿದೆಯಾ?

ಕಣ್ಣಿಗೆ ಕಾಣದ ಮಡಿಕೆಯೇ ಹೆಚ್ಚು ಕಾಟ ಕೊಡುತ್ತದೆ. ಮೊದಲು ಫೈಬರನ್ನು ನೀರಲ್ಲಿ ಮುಳುಗಿಸಿ ಒಳಗಿಂದ ಅರ್ಧ ಬಾರ್ ಗಾಳಿ ಕೊಡಿ. ಗುಳ್ಳೆ ಸಾಲಾಗಿ ಬಂದರೆ ಸೀಳಿದೆ ಎಂದರ್ಥ, ಬಿಸಾಡಿ ಇನ್ನೊಂದು ಸುತ್ತಿ.

ಆಮೇಲೆ ಸೋಸಿದ ನೀರಿನ ವಾಲ್ವು ಮುಚ್ಚಿ ಬರೀ ನೀರು ಹರಿಸಿ, ಎರಡು ತುದಿಗಳ ನಡುವೆ ಒತ್ತಡ ಎಷ್ಟು ಬೀಳುತ್ತದೆ ಅಳೆಯಿರಿ. ನೇರ ಫೈಬರಿಗೆ ಲೆಕ್ಕ ಸುಲಭ: ಮೇಲಿನ ಅಳತೆಗೆ ಸುಮಾರು 0.14 ಬಾರ್ ಬರಬೇಕು. ಸುರುಳಿಯಲ್ಲಿ ಸುಳಿ ತಿರುಗಿಸಲು ಖರ್ಚಾಗುವ ಶಕ್ತಿಯೂ ಸೇರಿ ಹೆಚ್ಚು ಬೀಳುತ್ತದೆ. ಎಷ್ಟು ಹೆಚ್ಚು ಎನ್ನುವುದಕ್ಕೆ ಸಿ. ಎಂ. ವೈಟ್ 1929ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಡೀನ್ 11.6ಕ್ಕಿಂತ ಕೆಳಗೆ ಏನೂ ವ್ಯತ್ಯಾಸ ಇಲ್ಲ. 50ಕ್ಕೆ ನೇರ ನಳಿಗೆಯ 1.25 ಪಟ್ಟು, 100ಕ್ಕೆ ಒಂದೂವರೆ ಪಟ್ಟು, 200ಕ್ಕೆ ಸುಮಾರು 2 ಪಟ್ಟು, ನಮ್ಮ 330ಕ್ಕೆ ಸುಮಾರು 2.35 ಪಟ್ಟು. ಅಂದರೆ ನಮ್ಮ ಸುರುಳಿಯಲ್ಲಿ 0.33 ಬಾರ್ ಆಸುಪಾಸು ಬೀಳಬೇಕು. 0.6 ಬಾರ್ ತೋರಿಸಿದರೆ ಎಲ್ಲೋ ಫೈಬರ್ ಚಪ್ಪಟೆಯಾಗಿದೆ. ಅದನ್ನು ಇಟ್ಟುಕೊಂಡು ಮುಂದೆ ಹೋಗಬೇಡಿ. ಆಗ 12 ಅಥವಾ 15 ಮಿ.ಮೀ. ಸರಳಿಗೆ ಹೋಗುವುದೇ ಸರಿ.

ಕೊನೆಗೆ ಎರಡೂ ಫೈಬರಿನಲ್ಲಿ ಒಂದೇ ಒತ್ತಡಕ್ಕೆ ಶುದ್ಧ ನೀರು ಎಷ್ಟು ಸೋಸುತ್ತದೆ ನೋಡಿ. ಹೆಚ್ಚು ಕಡಿಮೆ ಒಂದೇ ಇರಬೇಕು. ಶುದ್ಧ ನೀರಲ್ಲಿ ಕದಡಲು ಪದರವೇ ಇಲ್ಲ, ಹಾಗಾಗಿ ಸುರುಳಿಗೆ ಇಲ್ಲಿ ಲಾಭ ಇರಬಾರದು. ಇದ್ದರೆ ಅಳತೆಯಲ್ಲಿ ಏನೋ ಎಡವಟ್ಟಾಗಿದೆ.

ಯೀಸ್ಟ್ ತಯಾರಿ

ಬೇಕರಿ ಸಾಮಾನಿನ ಅಂಗಡಿಯ ಒಣ ಯೀಸ್ಟ್ ಸಾಕು. ಲೀಟರಿಗೆ 5 ಗ್ರಾಂ. ಅದನ್ನು ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ. ಆಮೇಲೆ ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ನೀರಲ್ಲಿ ಮೂರು ಸಲ ತೊಳೆಯಿರಿ. ಸೆಂಟ್ರಿಫ್ಯೂಜ್ ಇದ್ದರೆ ಬೇಗ ಆಗುತ್ತದೆ, ಇಲ್ಲದಿದ್ದರೆ ಫ್ರಿಜ್ಜಿನಲ್ಲಿ ತಳ ಕೂರಿಸಿ ಮೇಲಿನ ನೀರು ಚೆಲ್ಲಿ. ತೊಳೆಯುವುದನ್ನು ಯಾರೂ ಬಿಡಬಾರದು. ತೊಳೆಯದ ಯೀಸ್ಟಿನಿಂದ, ಹಾಗೆಯೇ ನಿನ್ನೆ ಕಲಸಿಟ್ಟ ಯೀಸ್ಟಿನಿಂದ, ಪ್ರೋಟೀನ್ ಸೋರಿ ರಂಧ್ರದೊಳಗೇ ಹೋಗಿ ಅಂಟುತ್ತದೆ. ಸುಳಿ ಗುಡಿಸುವುದು ಮೇಲ್ಮೈಯನ್ನು. ರಂಧ್ರದೊಳಗಿನ ಕೊಳೆಗೆ ಅದರ ಕೈ ಮುಟ್ಟುವುದಿಲ್ಲ.

ಎರಡನೇ ಪರೀಕ್ಷೆಗೆ ಕೆನೆ ತೆಗೆದ ಹಾಲು ಒಳ್ಳೆಯದು. ಪನೀರ್ ಮಾಡಿ ಉಳಿದ ನೀರು ಪುಕ್ಕಟೆ ಸಿಗುತ್ತದೆ ಎಂದು ಕೆಲವರು ಅದನ್ನೇ ತರುತ್ತಾರೆ. ಪನೀರಿಗೆ ಹಾಲನ್ನು ಚೆನ್ನಾಗಿ ಕಾಯಿಸುವುದರಿಂದ ಅದರ ವ್ಹೇ ಪ್ರೋಟೀನ್ ಬಹುಪಾಲು ಪನೀರಿನ ಜೊತೆಗೇ ಹೋಗಿಬಿಟ್ಟಿರುತ್ತದೆ. ಉಳಿದ ನೀರಲ್ಲಿ ಪದರ ಕಟ್ಟುವಷ್ಟು ಸರಕು ಇರುವುದಿಲ್ಲ. ಹಾಲು ಬಳಸುವಾಗ ಅದು ನೀರಿಗಿಂತ ಮಂದ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದೇ ವೇಗದಲ್ಲಿ ಡೀನ್ 330ರಿಂದ 200ರ ಹತ್ತಿರಕ್ಕೆ ಇಳಿಯುತ್ತದೆ.

ನಡೆಸುವುದು

ಎರಡು ಲೀಟರ್ ತೊಟ್ಟಿ, ಪಂಪು, ಫೈಬರಿನ ಮುಂದೊಂದು ಹಿಂದೊಂದು ಒತ್ತಡದ ಗೇಜು, ಹಿಂದೆ ಒಂದು ವಾಲ್ವು. ಸೋಸಿದ್ದನ್ನು ತೂಕದ ಯಂತ್ರದ ಮೇಲಿನ ಲೋಟಕ್ಕೆ ಬಿಟ್ಟು ಅಳೆದು, ಮತ್ತೆ ತೊಟ್ಟಿಗೇ ಸುರಿಯಿರಿ. ಆಗ ಯೀಸ್ಟಿನ ಸಾಂದ್ರತೆ ಬದಲಾಗುವುದಿಲ್ಲ. ನಮ್ಮ ಫೈಬರಿನ ಒಳಮೈ 0.00157 ಚದರ ಮೀಟರ್. ಫ್ಲಕ್ಸ್ (ಒಂದು ಚದರ ಮೀಟರಿನಿಂದ ಗಂಟೆಗೆ ಸೋಸಿ ಬರುವ ದ್ರವ) 50 ಲೀಟರ್ ಎಂದರೆ ನಿಮಿಷಕ್ಕೆ 1.3 ಮಿ.ಲೀ. ಮಾತ್ರ. ಅಳತೆಗೆ ಜಾರ್ ಸಾಲದು, ತೂಕವೇ ಬೇಕು.

ಪೆರಿಸ್ಟಾಲ್ಟಿಕ್ ಪಂಪು (ಟ್ಯೂಬನ್ನು ಹಿಂಡಿ ಹಿಂಡಿ ದ್ರವ ತಳ್ಳುವಂಥದ್ದು) ಬಳಸಿದರೆ ಪಂಪಿನ ನಂತರ ಗಾಳಿ ಇರುವ ಒಂದು ಸಣ್ಣ ಬಾಟಲಿಯನ್ನು ನಡುವೆ ಜೋಡಿಸಿ. ಇಲ್ಲದಿದ್ದರೆ ಪಂಪಿನ ಮಿಡಿತವೇ ಪದರವನ್ನು ಕದಡುತ್ತದೆ. ಆಗ ಲಾಭ ಬಂದದ್ದು ಸುರುಳಿಯಿಂದಲೋ ಪಂಪಿನಿಂದಲೋ ತಿಳಿಯುವುದಿಲ್ಲ. ತೊಟ್ಟಿಯನ್ನು ನೀರಿನ ಟಬ್ಬಿನಲ್ಲಿಟ್ಟು ಉಷ್ಣತೆ ಕಾಯ್ದುಕೊಳ್ಳಿ. ಒಂದು ಡಿಗ್ರಿ ಏರಿದರೆ ನೀರಿನ ಮಂದತೆ ಸುಮಾರು 2 ಪ್ರತಿಶತ ಇಳಿಯುತ್ತದೆ, ಫ್ಲಕ್ಸ್ ಅಷ್ಟು ಏರಿದಂತೆ ಕಾಣುತ್ತದೆ.

ಮೆಂಬ್ರೇನ್ ಮೇಲಿನ ಒತ್ತಡ ಎಂದರೆ ಎರಡು ಗೇಜುಗಳ ಸರಾಸರಿ. ಸುರುಳಿಯಲ್ಲಿ ಒತ್ತಡ ಹೆಚ್ಚು ಬೀಳುವುದರಿಂದ ಹಿಂದಿನ ವಾಲ್ವು ಪೂರ್ತಿ ತೆರೆದರೂ ಸರಾಸರಿ 0.17 ಬಾರ್‌ಗಿಂತ ಕೆಳಗಿಳಿಯುವುದಿಲ್ಲ. ಆದ್ದರಿಂದ 0.2ರಿಂದ ಶುರು ಮಾಡಿ 0.2ರಂತೆ 1 ಬಾರ್‌ವರೆಗೆ ಏರಿಸಿ. ಪ್ರತಿ ಮೆಟ್ಟಿಲಲ್ಲೂ ಧಾರೆ ಒಂದೇ ಸಮ ಆಗುವವರೆಗೆ ಕಾಯಿರಿ. ಗ್ರಾಫ್ ಹಾಕಿದರೆ ಎರಡೂ ಗೆರೆಗಳು ಮೊದಲು ಒಟ್ಟಿಗೆ ಏರಬೇಕು. ಆಮೇಲೆ ನೇರ ಫೈಬರಿನದು ಬೇಗ ಮಟ್ಟವಾಗುತ್ತದೆ, ಸುರುಳಿಯದು ಇನ್ನೂ ಮೇಲೆ ಹೋಗಿ ಮಟ್ಟವಾಗುತ್ತದೆ. ಆ ಎರಡು ಮಟ್ಟಗಳ ಅಂತರವೇ ನಿಮ್ಮ ಲಾಭ. ಗೆರೆ ಇನ್ನೂ ಏರುತ್ತಿರುವ ಜಾಗದಲ್ಲಿ ಹೋಲಿಸಿ ‘ಸುರುಳಿಯಿಂದ ಏನೂ ಆಗಲಿಲ್ಲ’ ಎನ್ನಬೇಡಿ. ಅಲ್ಲಿ ಇನ್ನೂ ಪದರದ ರಾಜ್ಯ ಶುರುವೇ ಆಗಿರುವುದಿಲ್ಲ.

ನ್ಯಾಯವಾದ ಹೋಲಿಕೆ

ಒಂದೇ ವೇಗದಲ್ಲಿ ಹೋಲಿಸಿ, ಇಷ್ಟು ಪಟ್ಟು ಲಾಭ ಎಂದು ಬರೆದುಬಿಡುವುದು ಸುಲಭ. ಅದು ಸುರುಳಿಯ ಪರವಾದ ಹೋಲಿಕೆ. ಸುರುಳಿ ಅದೇ ವೇಗಕ್ಕೆ 2.35 ಪಟ್ಟು ಪಂಪಿನ ಶಕ್ತಿ ತಿನ್ನುತ್ತಿದೆ. ಅಷ್ಟೇ ಶಕ್ತಿಯನ್ನು ನೇರ ಫೈಬರಿಗೆ ಕೊಟ್ಟಿದ್ದರೆ? ನೇರ ನಳಿಗೆಯಲ್ಲಿ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಆದ್ದರಿಂದ 1 ಮೀಟರ್ ವೇಗದ ಸುರುಳಿಯ ಎದುರಾಳಿ 1.53 ಮೀಟರ್ ವೇಗದ ನೇರ ಫೈಬರ್. ಈ ಎರಡನ್ನು ಹೋಲಿಸಿ.

ಈ ಹೆಚ್ಚಿನ ವೇಗದಿಂದ ನೇರ ಫೈಬರಿಗೆ ಎಷ್ಟು ಸಿಗುತ್ತದೆ ಎನ್ನುವುದು ಪದರದಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿದೆ. ಕರಗಿದ ಪ್ರೋಟೀನ್ ಆದರೆ ಫ್ಲಕ್ಸ್ ವೇಗದ ಘನಮೂಲದಂತೆ ಏರುತ್ತದೆ. 1.53ಕ್ಕೆ ಸಿಗುವುದು ಬರೀ 15 ಪ್ರತಿಶತ. ಅಲ್ಲಿ ಸುರುಳಿ ಗೆಲ್ಲುವುದು ಸುಲಭ. ಯೀಸ್ಟ್ 5 ಮೈಕ್ರಾನ್ ಗಾತ್ರದ ಕಣ. ಅಂಥವು ಗೋಡೆಯ ಉಜ್ಜಾಟಕ್ಕೇ ಒಂದಕ್ಕೊಂದು ಡಿಕ್ಕಿ ಹೊಡೆದು ಹಿಂದೆ ಸರಿಯುತ್ತವೆ, ಅವುಗಳ ಫ್ಲಕ್ಸ್ ಹೆಚ್ಚು ಕಡಿಮೆ ವೇಗದಷ್ಟೇ ಏರುತ್ತದೆ. ಹಾಗಾಗಿ ಯೀಸ್ಟಿನಲ್ಲಿ ನೇರ ಫೈಬರ್ ಗಟ್ಟಿ ಎದುರಾಳಿ. ಒಂದೇ ವೇಗದಲ್ಲಿ ಕಂಡ ಲಾಭದ ದೊಡ್ಡ ಪಾಲು ಇಲ್ಲಿ ಕರಗಿಹೋಗಬಹುದು. ಹಾಗಾದರೆ ಹಾಗೆಯೇ ಬರೆಯಿರಿ. ಅದೇ ನಿಜವಾದ ಫಲಿತಾಂಶ. ಎರಡು ದ್ರವಗಳಲ್ಲೂ ಪರೀಕ್ಷೆ ಮಾಡಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ.

ನೇರ ನಳಿಗೆಯಲ್ಲಿ ರೆನಾಲ್ಡ್ಸ್ 2100 ದಾಟಿದರೆ ಹರಿವು ತಾನಾಗಿಯೇ ಕಲಕಲು ಶುರುವಾಗುತ್ತದೆ. ಇಷ್ಟು ಬಿಗಿಯಾದ ಸುರುಳಿಯಲ್ಲಿ ಅದು ಹಲವು ಸಾವಿರ ದಾಟುವವರೆಗೆ ಆಗುವುದಿಲ್ಲ. ಆದ್ದರಿಂದ ಜೋರು ಹರಿವಿನ ದೊಡ್ಡ ನಳಿಗೆಗಳಿಗೆ ಸುರುಳಿ ಸುತ್ತಿ ಎಂದು ನಾನು ಹೇಳುವುದಿಲ್ಲ. ಊರಿಗೆಲ್ಲ ನೀರು ಕೊಡುವ ಘಟಕಕ್ಕೂ ಬೇಡ. ಒಂದೇ ಡಬ್ಬಿಯೊಳಗೆ ನೇರ ಫೈಬರಿನಷ್ಟು ಸುರುಳಿ ಹಿಡಿಸುವುದಿಲ್ಲ. ನಿಧಾನದ ಹರಿವು, ಬೆಲೆಬಾಳುವ ದ್ರವ, ಜೋರಾಗಿ ಪಂಪು ಮಾಡಿದರೆ ಕೆಡುವ ಜೀವಕೋಶ, ಇವು ಇರುವಲ್ಲಿ ಸುರುಳಿ ತನ್ನ ಖರ್ಚನ್ನು ದುಡಿದು ಕೊಡುತ್ತದೆ.

ಒಳಬದಿಯಲ್ಲಿ ಉಳಿಯುವ ಪದರಕ್ಕೆ ಒಂದು ಉಪಾಯ ಇದೆ. ದೆಹಲಿ ಐಐಟಿಯ ಸಕ್ಸೇನಾ ಮತ್ತು ನಿಗಮ್ 1984ರಲ್ಲಿ ಸುರುಳಿಯನ್ನು ನಡುವೆ 90 ಡಿಗ್ರಿ ತಿರುಗಿಸುವ ವಿನ್ಯಾಸ ಪ್ರಕಟಿಸಿದರು. ಅದು ರಿಯಾಕ್ಟರಿನಲ್ಲಿ ದ್ರವ ಚೆನ್ನಾಗಿ ಬೆರೆಯಲಿ ಎಂದು ಮಾಡಿದ್ದು. ಫೈಬರಿಗೂ ಅದೇ ಮಾಡಬಹುದು. ಏಳು ಸುತ್ತು ಒಂದು ಸರಳಿಗೆ ಸುತ್ತಿ, ಉಳಿದದ್ದನ್ನು ಅದಕ್ಕೆ ಲಂಬವಾಗಿ ನಿಲ್ಲಿಸಿದ ಇನ್ನೊಂದು ಸರಳಿಗೆ ಸುತ್ತಿ. ತಿರುವಿನ ಜಾಗದಲ್ಲಿ ಸುಳಿಗಳ ದಿಕ್ಕೇ ಬದಲಾಗುತ್ತದೆ, ಮೊದಲು ಸುಮ್ನೆ ಕೂತಿದ್ದ ನೀರು ಮತ್ತೆ ಓಡಾಡಲು ಶುರುಮಾಡುತ್ತದೆ. ಮಡಿಕೆ ಬೀಳುವ ಭಯ ಆ ಒಂದು ತಿರುವಿನಲ್ಲೇ ಜಾಸ್ತಿ. ಅಲ್ಲಿ ಸಣ್ಣ ಸಿಲಿಕೋನ್ ಟ್ಯೂಬನ್ನು ಸೀಳಿ ಫೈಬರಿನ ಮೇಲೆ ಹಾಕಿ ಬಾಗಿಸಿ.

ಕೆಲಸ ಮುಗಿದ ಮೇಲೆ ಮೊದಲು ನೀರು, ಆಮೇಲೆ 0.5 ಪ್ರತಿಶತ ಕಾಸ್ಟಿಕ್ ಸೋಡಾ ದ್ರಾವಣವನ್ನು ಬೆಚ್ಚಗೆ ಅರ್ಧ ಗಂಟೆ ಸುತ್ತಿಸಿ, ಮತ್ತೆ ನೀರು. ಕೈಗವಸು, ಕನ್ನಡಕ ಕಡ್ಡಾಯ. ಶುದ್ಧ ನೀರಿನ ಫ್ಲಕ್ಸ್ ಮೊದಲಿನಷ್ಟೇ ಬಂದರೆ ಮುಂದಿನ ಪರೀಕ್ಷೆಗೆ ಅದೇ ಫೈಬರ್ ಆಗುತ್ತದೆ. ಬರದಿದ್ದರೆ ಕೊಳೆ ರಂಧ್ರದೊಳಗಿದೆ, ಆ ಜೋಡಿಯನ್ನು ಹೋಲಿಕೆಗೆ ಮತ್ತೆ ಬಳಸಬೇಡಿ. ಎತ್ತಿಡುವಾಗ ಒಣಗಲು ಬಿಡದೆ ಗ್ಲಿಸರಿನ್ ನೀರಲ್ಲೇ ಮುಳುಗಿಸಿಡಿ, ಬಾಟಲಿ ಮೇಲೆ ಸರಳಿನ ಅಳತೆ ಮತ್ತು ಕೊನೆಯ ಶುದ್ಧ ನೀರಿನ ಫ್ಲಕ್ಸ್ ಬರೆದು ಅಂಟಿಸಿ.